ಪರಸವ್ವ ಬಂದೂಕು ಕೇಳಿದ್ದು

ಗುಂಡು ಬಿದ್ದಾಗ ಪರಸವ್ವ ಬಗ್ಗಿದ್ದಳು.

ಅದರಲ್ಲಿ ವಿಶೇಷವೇನಿಲ್ಲ. ಬೆಳಗಾದರೆ ಬಗ್ಗುವುದು, ಹೊತ್ತು ಮುಳುಗಿದರೆ ನಡು ಹಿಡಿದುಕೊಂಡು ಏಳುವುದು, ಇದೇ ಅವಳ ಕಸುಬು. ಘೋಣಸಗಿ ದಾರಿಗೆ ಹತ್ತಿದ ಶಿವಶರಣಪ್ಪ ಸಾವ್ಕಾರನ ತೋಟದಲ್ಲಿ ದ್ರಾಕ್ಷಿ ಕಟಾವು ನಡೆದಿತ್ತು. ಅವಳು, ಓಣಿಯ ರಾಚವ್ವ, ಇನ್ನಷ್ಟು ಹೆಣ್ಣಾಳುಗಳು ಗೊನೆ ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. ಕತ್ತರಿ ಹಿಡಿದು ಹಿಡಿದು ಬೆರಳಿಗೆ ಬೊಬ್ಬೆ ಎದ್ದಿತ್ತು. ದ್ರಾಕ್ಷಿಗೆ ಹೊಡೆದ ಔಷಧ ಬೊಬ್ಬೆಗೆ ತಾಗಿ ಉರಿಯುತ್ತಿತ್ತು. ಹಣ್ಣು ಬಾಯಿಗೆ ಹಾಕಿಕೊಂಡರೆ ಸಾವ್ಕಾರ ಬೈಯುತ್ತಿದ್ದ. ಔಷಧ ಮೈಗೆ ಹೋದರೆ ಏನೂ ಅನ್ನುತ್ತಿರಲಿಲ್ಲ.

ತೋಟದ ಆಚೆ ಬದಿಗೆ ರಸ್ತೆಯ ಮೇಲೆ ಸಾವ್ಕಾರನ ಮಗ ಮುತ್ತುವಿನ ಹೊಸ ಜೀಪಿನ ಪೂಜೆ ನಡೆದಿತ್ತು. ಗಾಲಿಗೆ ಲಿಂಬೆಹಣ್ಣು ಇಟ್ಟಾಯಿತು. ಕಾಯಿ ಒಡೆದಾಯಿತು. ಆಮೇಲೆ ಸಾವ್ಕಾರ ಜರಿ ರುಮಾಲು ಸುತ್ತಿಕೊಂಡು ಬಂದೂಕು ತಂದ.

ಆ ಬಂದೂಕನ್ನು ಸರಕಾರ ಅವನಿಗೆ ಕೊಟ್ಟದ್ದು ಬೆಳೆ ರಕ್ಷಣೆಗೆ. ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸಲಿಕ್ಕೆ. ಹಾಗಂತ ಪರವಾನಗಿಯಲ್ಲೇ ಬರೆದಿತ್ತು. ಆದರೆ ಇವತ್ತಿನವರೆಗೆ ಒಂದು ಹಂದಿಯೂ ಅದರ ಸದ್ದು ಕೇಳಿರಲಿಲ್ಲ. ಮಗಳ ಮದುವೆಯಲ್ಲಿ ಹಾರಿತ್ತು. ಸೊಸೈಟಿ ಚುನಾವಣೆ ಗೆದ್ದಾಗ ಹಾರಿತ್ತು. ಮೊಮ್ಮಗ ಹುಟ್ಟಿದಾಗ ಹಾರಿತ್ತು. ಈ ಯಾವ ಸಮಾರಂಭಕ್ಕೂ ಹಂದಿಗಳನ್ನು ಕರೆದಿರಲಿಲ್ಲ.

ಸಾವ್ಕಾರ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮುತ್ತು ಮೊಬೈಲ್ ಹಿಡಿದು ನಿಂತಿದ್ದ.

"ಯಪ್ಪಾ, ಇನ್ನೊಂದ್ಸಲ! ರೀಲ್ಸಿಗೆ ಛಲೋ ಬರವಲ್ದು. ಒಂದ್ ಕಾಲು ಬಂಪರ್ ಮ್ಯಾಲ ಇಡು."

ಸಾವ್ಕಾರ ಕಾಲು ಬಂಪರ್ ಮೇಲೆ ಇಟ್ಟ. ಬಂಪರ್ ಮೇಲೆ ಕಾಯಿ ನೀರು ಚೆಲ್ಲಿತ್ತು. ಕಾಲು ಜಾರಿತು. ಸಾವ್ಕಾರ ನೆಲಕ್ಕೆ ಬಂದ. ಗುಂಡು ತೋಟಕ್ಕೆ ಬಂತು.

ಪರಸವ್ವ ಕುಣಿದಳು. ಮದುವೆಯಾದ ಮೇಲೆ ಅವಳು ಹಾಗೆ ಕುಣಿದಿರಲೇ ಇಲ್ಲ.

"ಹಾವೇನ ಬೇ?" ರಾಚವ್ವ ಕಿರುಚಿದಳು.

"ಹಾವಲ್ಲs ಯವ್ವಾ, ಬೆಂಕಿ! ಕುಂಡಿಗೆ ಬೆಂಕಿ ಬಿತ್ತು!"

ಸೀರೆ ಹಿಂದುಗಡೆ ಕೆಂಪಾಗುತ್ತಿತ್ತು. ಸಾವ್ಕಾರ ರುಮಾಲು ಸರಿಮಾಡಿಕೊಳ್ಳುತ್ತ ಓಡಿ ಬಂದ. ಮೊದಲು ಕ್ರೇಟಿನ ಕಡೆ ನೋಡಿದ.

"ಹಣ್ಣ ಚೆಲ್ಲಿದೇನ?" ಎಂದ.

ಅವನ ಹೆಂಡತಿ ಕಾಶಿಬಾಯಿ ತೋಟದ ಮನೆಯಿಂದ ಅರಿಷಿಣ ಕಳಿಸಿದಳು. ಜೊತೆಗೆ ಒಂದು ಬುದ್ಧಿಮಾತನ್ನೂ ಕಳಿಸಿದಳು. ಎಲ್ಲಿ ಹತ್ತೈತಿ ಅಂತ ಯಾರ ಮುಂದೂ ಹೇಳಬ್ಯಾಡ, ಮಂದಿ ನಗ್ತಾರ.

ಮಂದಿ ಆಗಲೇ ನಗುತ್ತಿದ್ದರು. ಮುತ್ತು ರೀಲ್ಸ್ ಬಿಟ್ಟಾಗಿತ್ತು. ಅಪ್ಪ ಬಿದ್ದದ್ದನ್ನು ಕತ್ತರಿಸಿದ್ದ. ದೂರದಲ್ಲಿ ಪರಸವ್ವ ಕುಣಿದದ್ದನ್ನು ಇಟ್ಟು, ಅದಕ್ಕೆ ಡಿಜೆ ಹಾಡು ಹಚ್ಚಿದ್ದ.

ರಾಚವ್ವ ರಸ್ತೆಗೆ ಓಡಿ ಅಕ್ರಮನ ಆಟೋ ನಿಲ್ಲಿಸಿದಳು. ಪರಸವ್ವನಿಗೆ ಕೂರಲು ಬರಲಿಲ್ಲ. ಹಿಂದಿನ ಸೀಟಿನ ಮೇಲೆ ಮೊಳಕಾಲೂರಿ, ಹಿಂದಕ್ಕೆ ಮುಖ ಮಾಡಿ, ಹುಡ್ಡಿನ ಸರಳು ಹಿಡಿದು ಟಿಕೋಟಾ ಮುಟ್ಟಿದಳು. ದಾರಿಯುದ್ದಕ್ಕೂ ಹಿಂದೆ ಬಂದ ಬೈಕಿನವರು ಅವಳ ಮುಖ ನೋಡಿದರು. ಕೆಲವರಿಗೆ ಆ ಮುಖದ ಗುರುತು ಹತ್ತಿತು. ಅವರು ಕೈ ಬೀಸಿದರು.

ದವಾಖಾನೆಯಲ್ಲಿ ಡಾಕ್ಟರು ಅವಳನ್ನು ಬೋರಲು ಮಲಗಿಸಿ ಗುಂಡಿನಿಂದ ಸಿಡಿದ ಸೀಸದ ಕಾಳುಗಳನ್ನು ಒಂದೊಂದಾಗಿ ತೆಗೆದರು. ಪ್ರತಿ ಕಾಳೂ ಸ್ಟೀಲಿನ ತಾಟಿನಲ್ಲಿ ಟಣ್ ಎಂದಿತು. ಪರಸವ್ವ ತಲೆದಿಂಬಿನ ಮೂಲೆ ಕಚ್ಚಿಕೊಂಡಿದ್ದಳು. ಡಾಕ್ಟರು ಬಂದೂಕಿನ ಗಾಯ ಎಂದು ಬರೆದುಕೊಟ್ಟರು. ಅಷ್ಟರಲ್ಲಿ ಮಗಳು ಆಮ್ರಪಾಲಿ ವಿಜಯಪುರದಿಂದ ಬಂದಳು. ಅವಳು ಅಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪು ಮಾಡುತ್ತಿದ್ದಳು. ಬಂದವಳೇ ಅಕ್ರಮನ ಆಟೋದಲ್ಲೇ ಅವ್ವನನ್ನು ಠಾಣೆಗೆ ಕರೆದುಕೊಂಡು ಹೋದಳು.

ಫೌಜದಾರ ಪರಸವ್ವನನ್ನು ನೋಡಿದ. ತನ್ನ ಮೊಬೈಲು ನೋಡಿದ. ತುಟಿ ಬಿಗಿಹಿಡಿದು ನಗೆ ನುಂಗಿದ.

"ಕುಂಡ್ರು ಬೇ," ಎಂದು ಕುರ್ಚಿ ತೋರಿಸಿದ.

ಪರಸವ್ವನ ಜನ್ಮದಲ್ಲಿ ಯಾವ ಸರಕಾರಿ ಮನುಷ್ಯನೂ ಅವಳಿಗೆ ಕುರ್ಚಿ ತೋರಿಸಿರಲಿಲ್ಲ. ತೋರಿಸಿದ ದಿನ ಅವಳಿಗೆ ಕೂರುವ ಜಾಗ ಉಳಿದಿರಲಿಲ್ಲ.

"ನಿಂದರ್ತೀನ್ರಿ," ಎಂದಳು.

ಪೇದೆ ಹಣಮಂತ ಕಾಗದ ತೆಗೆದ. "ಇಲ್ಲಿಗೆ ಯಾರ್ ಕರಕೊಂಡ್ ಬಂದ್ರು?"

"ಅಕ್ರಮ."

"ಏನ್ ಅಕ್ರಮ ಆತು ಅಂತ ಆಮ್ಯಾಲ ಹೇಳ. ಮೊದಲ ಯಾರ್ ಕರಕೊಂಡ್ ಬಂದ್ರು ಹೇಳು."

"ಅದs ರೀ, ಅಕ್ರಮ. ಆಟೋದಾಂವ. ಹೊರಗ ನಿಂತಾನ."

ಹಣಮಂತ ಬರೆದುಕೊಂಡ. ಆ ಕಾಗದದಲ್ಲಿ ಅಕ್ರಮ ಎಂಬ ಮಾತು ಬಂದದ್ದು ಅಲ್ಲಿ ಒಂದೇ ಕಡೆ. ಉಳಿದದ್ದೆಲ್ಲ ಸಕ್ರಮವೇ ಆಗಿತ್ತು. ಬಂದೂಕಿಗೆ ಪರವಾನಗಿ ಇತ್ತು. ಗುಂಡಿಗೆ ರಶೀದಿ ಇತ್ತು.

"ಗುಂಡ ಅಂತ ಹೆಂಗ ಹೇಳ್ತಿ? ಜಾಲಿ ಮುಳ್ಳ ಚುಚ್ಚಿರಬೇಕು," ಎಂದ ಫೌಜದಾರ.

"ಡಾಕ್ಟರ್ ಬರದಾರ್ರಿ," ಆಮ್ರಪಾಲಿ ಕಾಗದ ಮುಂದಿಟ್ಟಳು.

"ಡಾಕ್ಟರ್ ನೋಡಿದ್ರ ಆತೇನವ್ವಾ? ನಾವೂ ನೋಡಬೇಕಲ್ಲ. ತೋರಸಂತ ಹೇಳು."

"ಹೆಣ್ಣ ಪೊಲೀಸ್ ಕರೀರಿ, ತೋರಸ್ತೀನಿ," ಎಂದಳು ಪರಸವ್ವ.

"ಆಕಿ ಬಂದೋಬಸ್ತಿಗೆ ಹೋಗ್ಯಾಳ."

"ಹಂಗಾರ ಸಾವ್ಕಾರನ ಕುಂಡಿ ನೋಡ್ರಿ. ಜೀಪಿನಿಂದ ಬಿದ್ದಾನ. ಕೆತ್ತಿರಬೇಕು. ಇಬ್ಬರದೂ ಕೂಡೇ ಬರಕೋರಿ."

ಹಣಮಂತನಿಗೆ ಕೆಮ್ಮು ಬಂತು. ಅವನು ಹೊರಗೆ ಹೋಗಿ ಕೆಮ್ಮಿದ.

ಆಮ್ರಪಾಲಿ ಗಟ್ಟಿಯಾಗಿ ಹೇಳಿದಳು. "ಸಮಾರಂಭದಾಗ ಸಂತೋಷಕ್ಕಂತ ಬಂದೂಕ ಹಾರಿಸಿ ಮಂದಿ ಜೀವಕ್ಕ ಅಪಾಯ ಮಾಡಿದ್ರ ಎರಡ ವರ್ಷ ಜೈಲ್ ಐತ್ರಿ. ಕಾಯ್ದೇದಾಗs ಐತಿ."

"ಕಾಯ್ದೆ ಭಾರಿ ಗಟ್ಟಿ ಐತವ್ವಾ. ನಾ ಎಲ್ಲಿ ಇಲ್ಲ ಅಂದ್ನಿ?" ಫೌಜದಾರ ಸಮಾಧಾನದಿಂದ ಹೇಳಿದ. "ಸಂತೋಷಕ್ಕ ಹಾರಿಸಿದ್ರ ತಪ್ಪು. ಆದ್ರ ಸಾವ್ಕಾರ್ರು ಹಂದಿಗೆ ಹಾರಿಸ್ಯಾರಂತ. ಫೋನ್ ಮಾಡಿದ್ರು."

"ಜೀಪಿನ ಪೂಜಾಕ್ಕ ಹಂದಿ ಬಂದಿತ್ತೇನ್ರಿ?"

"ಬಂದಿರಬೇಕು."

"ಅಲ್ಲಿ ಗುಂಡ ಹತ್ತಿದ್ದು ನನಗೊಬ್ಬಾಕಿಗೇ ರೀ," ಎಂದಳು ಪರಸವ್ವ. "ಹಂದಿ ಅಂದ್ರ ನಾನೇನ್ರಿ?"

ಫೌಜದಾರ ಫ್ಯಾನಿನ ಕಡೆ ನೋಡಿದ.

ಅಷ್ಟೊತ್ತಿಗೆ ಸಾವ್ಕಾರನೇ ಬಂದ. ಪರಸವ್ವನಿಗೆ ತೋರಿಸಿದ ಕುರ್ಚಿಯಲ್ಲಿ ಯಾರೂ ಹೇಳದೆ ಕೂತ. ಅವನಿಗೆ ಚಹಾ ಬಂತು. ಅವನು ಕೈಚೀಲದಿಂದ ಹೊಸ ಸೀರೆ ತೆಗೆದು ಮೇಜಿನ ಮೇಲಿಟ್ಟ. ಹಸಿರು ಸೀರೆ. ಕೆಂಪು ಅಂಚು.

"ಆಕಿ ಸೀರಿ ತೂತ ಬಿದ್ದೈತಿ. ತುಂಬಿ ಕೊಡೂದು ನನ್ನ ಧರ್ಮ. ತೊಗೊ ಪರಸಿ. ಮುಗಿಸು."

ಪರಸವ್ವ ಸೀರೆ ನೋಡಿದಳು. ಸೀರೆ ಚೆನ್ನಾಗಿತ್ತು. ಅಂಥ ಸೀರೆಯನ್ನು ಅವಳು ಉಟ್ಟಿರಲೇ ಇಲ್ಲ. ಅವಳಿಗೆ ಗಾಯ ಉರಿಯಿತು. ಗಾಯಕ್ಕಿಂತ ಹೆಚ್ಚಿಗೆ ಆ ‘ಪರಸಿ’ ಉರಿಯಿತು. ಸಾವ್ಕಾರ ಅವಳಿಗಿಂತ ಚಿಕ್ಕವನು.

"ಸೀರಿ ತೂತ ಬಿದ್ದೈತಿ, ಖರೆ ರೀ," ಎಂದಳು. "ಸೀರಿ ಒಳಗ ನಾ ಇದ್ದೆ."

ಸೀರೆ ಮೇಜಿನ ಮೇಲೆಯೇ ಉಳಿಯಿತು. ಅವಳು ಹೊರಗೆ ನಡೆದಳು. ನಡಿಗೆ ಸೊಟ್ಟಾಗಿತ್ತು. ಆದರೂ ನಡೆದಳು. ದೂರು ದಾಖಲಾಗಲಿಲ್ಲ. ‘ಅರ್ಜಿ ಬಂದಿದೆ, ವಿಚಾರಿಸಲಾಗುವುದು’ ಎಂಬ ಚೀಟಿಯೊಂದು ಸಿಕ್ಕಿತು.

ಮರುದಿನದಿಂದ ಅವಳ ಓಣಿಯವರಿಗೆ ಸಾವ್ಕಾರನ ತೋಟದಲ್ಲಿ ಕೆಲಸ ಬಂದ್ ಆಯಿತು. ಹೆಣ್ಣುಮಕ್ಕಳು ಟೆಂಪೋ ಹತ್ತಿ ಬಬಲೇಶ್ವರದ ಕಡೆ ತೋಟಗಳಿಗೆ ಹೋಗತೊಡಗಿದರು. ಪರಸವ್ವನ ಗಂಡ ಭಾಗಪ್ಪ ಅಂಜಿದ.

"ಸೀರಿ ತೊಗೊಂಡ್ ಬಂದಿದ್ರ ಏನ್ ಗಂಟ ಹೋಗ್ತಿತ್ತು?" ಎಂದ.

"ನೀ ಉಟ್ಟಗೋತಿದ್ದಿ?" ಎಂದಳು.

ವಾರದ ಕೊನೆಗೆ ಒಂದು ಸಂಜೆ ಮುತ್ತು ಹೊಸ ಜೀಪಿನಲ್ಲಿ ಓಣಿಗೆ ಬಂದ. ಗಾಡಿ ನಿಲ್ಲಿಸಲಿಲ್ಲ, ನಿಧಾನ ಮಾಡಿದ. ಮಗ್ಗುಲ ಸೀಟಿನಲ್ಲಿ ಬಂದೂಕಿತ್ತು. ಅದರ ಮೂತಿ ಕಿಟಕಿಯಿಂದ ಹೊರಗೆ ಕಾಣುತ್ತಿತ್ತು.

"ಅವತ್ತ ಅಪ್ಪನ ಕಾಲ ಜಾರಿತ್ತು. ಈ ಸಲ ಜಾರಂಗಿಲ್ಲ," ಎಂದು ಕೂಗಿ ಹೋದ.

ಓಣಿ ಬಾಗಿಲು ಹಾಕಿಕೊಂಡಿತು. ಬಾಗಿಲು ಇದ್ದವರು ಹಾಕಿಕೊಂಡರು. ಪರಸವ್ವನ ಮನೆಗೆ ಬಾಗಿಲಿರಲಿಲ್ಲ. ಒಂದು ತಗಡು ಇತ್ತು, ತಂತಿ ಬಿಗಿದು ಕಟ್ಟುತ್ತಿದ್ದರು. ಅವಳು ತಗಡಿನ ಹಿಂದೆ ಬೋರಲು ಮಲಗಿ ಯೋಚನೆ ಮಾಡಿದಳು. ಮರುದಿನ ಮಗಳಿಗೆ ಫೋನು ಹಚ್ಚಿಸಿದಳು.

"ಬಂದೂಕ ಯಾರ್ ಕೊಡ್ತಾರ ಬೇ?"

"ಡಿಸಿ ಆಫೀಸಿನ್ಯಾಗ ಪರವಾನಗಿ ಕೊಡ್ತಾರ. ಯಾಕ?"

"ನನಗೂ ಕೊಡ್ತಾರೇನ?"

ಆಮ್ರಪಾಲಿ ನಕ್ಕಳು. ಆಮೇಲೆ ನಗೆ ನಿಲ್ಲಿಸಿದಳು. ಸಂಜೆ ತನ್ನ ವಕೀಲರನ್ನು ಕೇಳಿದಳು. ವಕೀಲರು ಪುಸ್ತಕ ತೆಗೆದು ತೋರಿಸಿದರು. ದೌರ್ಜನ್ಯ ತಡೆ ನಿಯಮದಲ್ಲಿ ಅದು ಇತ್ತು. ದಲಿತರ ಜೀವಕ್ಕೆ ಅಪಾಯವಿದ್ದರೆ, ಅಪಾಯ ಮಾಡುವವರ ಪರವಾನಗಿ ರದ್ದು ಮಾಡಿ ಬಂದೂಕು ಜಮಾ ಮಾಡಿಸಿಕೊಳ್ಳಬಹುದು. ಅಗತ್ಯ ಕಂಡರೆ ದಲಿತರಿಗೇ ಪರವಾನಗಿ ಕೊಡಬಹುದು. ಕೊಟ್ಟದ್ದನ್ನು ಮಾತ್ರ ವಕೀಲರು ನೋಡಿರಲಿಲ್ಲ.

ತಾಯಿ ಮಗಳು ವಿಜಯಪುರದ ಜಿಲ್ಲಾ ಕಚೇರಿಗೆ ಹೋದರು. ಪರಸವ್ವ ಕಿಟಕಿಯ ಮುಂದೆ ನಿಂತಳು. ಗುಮಾಸ್ತ ತಲೆ ಎತ್ತಲಿಲ್ಲ.

"ಪಿಂಚಣಿ ಆಕಡೆ."

"ಬಂದೂಕ ಬೇಕ್ರಿ."

ಗುಮಾಸ್ತ ತಲೆ ಎತ್ತಿದ.

"ಯಾರಿಗೆ?"

"ನನಗs."

ಒಳಗಿದ್ದವರೆಲ್ಲ ಬಂದು ಕಿಟಕಿಯಲ್ಲಿ ಇಣುಕಿದರು. ಅರ್ಜಿಯಲ್ಲಿ ಉದ್ದೇಶ ಬರೆಯುವ ಜಾಗ ಬಂತು.

"ಬೆಳಿ ರಕ್ಷಣಾ ಏನು? ಹೊಲ ಎಷ್ಟೈತಿ?"

"ಹೊಲ ಇಲ್ರಿ."

"ಹೊಲ ಇಲ್ದ ಏನ್ ಕಾಯ್ತಿ ಯವ್ವಾ?"

"ನನ್ನ ಕುಂಡಿ," ಎಂದಳು ಪರಸವ್ವ.

ಗುಮಾಸ್ತನ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ ಅವನು ‘ಆತ್ಮರಕ್ಷಣೆ’ ಎಂದು ಬರೆದ. ಸರಕಾರಿ ಭಾಷೆಯಲ್ಲಿ ಆತ್ಮ ಎಲ್ಲಿರುತ್ತದೆ ಎಂಬುದು ಅವತ್ತು ಅವಳಿಗೆ ತಿಳಿಯಿತು.

ಅಲ್ಲಿಂದ ಕಾಯ್ದೆಗೆ ಎಚ್ಚರವಾಯಿತು. ಸಾವ್ಕಾರನ ತೋಟದಲ್ಲಿ ಇಷ್ಟು ವರ್ಷ ನಿದ್ದೆ ಮಾಡಿದ ಕಾಯ್ದೆ ಪರಸವ್ವನ ಓಣಿಗೆ ಬೂಟು ಹಾಕಿಕೊಂಡು ಬಂತು. ಗುರಿ ಹೊಡೆಯುವ ತರಬೇತಿ ಆಗಿದೆಯೇ? ಹಿಂದೆ ಯಾವುದಾದರೂ ಕೇಸು? ಕುಡಿಯುವ ಚಟ? ಬುದ್ಧಿ ನೆಟ್ಟಗಿದೆ ಎಂಬುದಕ್ಕೆ ಡಾಕ್ಟರ ಚೀಟಿ? ಚೀಟಿಗಾಗಿ ಅವಳು ಜಲನಗರದ ಮನೋವೈದ್ಯರ ಮುಂದೆ ನಿಂತಳು.

"ಯಾರೂ ಇಲ್ಲದಾಗ ಧ್ವನಿ ಏನಾದರೂ ಕೇಳಿಸ್ತದೇನಮ್ಮ?"

"ಕೇಳಸ್ತೈತ್ರಿ. ಸಾವ್ಕಾರಂದು. ಜಲ್ದಿ ಕತ್ತರಸು, ಜಲ್ದಿ ಕತ್ತರಸು ಅಂತ."

ಡಾಕ್ಟರು ಅವಳ ಕೈಯ ಬೊಬ್ಬೆ ನೋಡಿದರು. ಬುದ್ಧಿ ನೆಟ್ಟಗಿದೆ ಎಂದು ಬರೆದುಕೊಟ್ಟರು.

ಆಮೇಲೆ ಹಣಮಂತ ಮನೆ ತಪಾಸಣೆಗೆ ಬಂದ. ಅವನು ಲಾಠಿ ಇಲ್ಲದೆ ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆ ಬಡಿದು ನೋಡಿದ. ಮಣ್ಣು ಉದುರಿತು. ತಗಡು ಸರಿಸಿ ನೋಡಿದ. ಅದು ಕೈಗೇ ಬಂತು.

"ಬಂದೂಕ ಎಲ್ಲಿ ಇಡಾಕಿ? ಬೀಗ ಇರೂ ಕಬ್ಬಿಣದ ಕಪಾಟ ಬೇಕು. ಭದ್ರ ಬಾಗಲಾ ಬೇಕು. ಸಣ್ಣ ಹುಡುಗುರ ಕೈಗೆ ಸಿಗಬಾರದು. ಪರವಾನಗಿ ಇಲ್ದವರು ಅದನ್ನ ಮುಟ್ಟಬಾರದು. ಕಾಯ್ದೆ ಐತಿ."

"ಛಲೋ ಕಾಯ್ದೆ ಐತಪಾ," ಎಂದಳು ಪರಸವ್ವ. "ಸಾವ್ಕಾರನ ಮನ್ಯಾಗೂ ಹಿಂಗs ಗ್ವಾಡಿ ಬಡದ ನೋಡಿದ್ದೇನ?"

"ಅಲ್ಲಿ..." ಹಣಮಂತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಅಲ್ಲಿ ಚಹಾ ಕುಡದ ಸಹಿ ತೊಗೊಂಡ್ ಬರ್ತೀವಿ."

ನೆರೆಯವರ ಹೇಳಿಕೆ ಬೇಕಿತ್ತು. ಅವನು ರಾಚವ್ವನನ್ನು ಕೇಳಿದ. "ಪರಸವ್ವಗ ಸಿಟ್ಟ ಬರ್ತೈತೇನು?"

"ನಿಮ್ಮನ್ನ ನೋಡಿದ್ರ ಎಲ್ಲಾರಿಗೂ ಬರ್ತೈತ್ರಿ. ಆಕೀದಷ್ಟ ಬರಕೋಬ್ಯಾಡ್ರಿ, ನಂದೂ ಬರಕೋರಿ."

ಸುದ್ದಿ ಸಾವ್ಕಾರನಿಗೆ ಮುಟ್ಟಿತು. ಅವನಿಗೆ ಊಟ ಸೇರಲಿಲ್ಲ. ಪರಸಿಯ ಕೈಯಲ್ಲಿ ಬಂದೂಕು! ಅವನು ಜಿಲ್ಲಾ ಕಚೇರಿಗೆ ಆಕ್ಷೇಪಣೆ ಕೊಟ್ಟ. ಬಂದೂಕು ಬಹಳ ಅಪಾಯದ ವಸ್ತು, ಕಂಡಕಂಡವರ ಕೈಗೆ ಕೊಟ್ಟರೆ ಅಮಾಯಕರ ಜೀವ ಹೋಗುತ್ತದೆ, ಸರಕಾರ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು ಅದರಲ್ಲಿ ಬರೆಸಿದ್ದ. ಆಮ್ರಪಾಲಿ ಅದನ್ನು ಓದಿ ಹೇಳಿದಾಗ ಪರಸವ್ವ, "ಛಲೋ ಬರಸ್ಯಾನ. ನಾವು ಬರಸೂದನ್ನೂ ಅವನs ಬರಸ್ಯಾನ," ಎಂದಳು.

ವಿಚಾರಣೆಗೆ ಇಬ್ಬರನ್ನೂ ಕರೆದರು. ಮೇಜಿನ ಆಚೆ ಡಿಸಿ ಕುರ್ಚಿಯಲ್ಲಿ ದೊಡ್ಡ ಮೇಡಂ ಕೂತಿದ್ದರು. ಬೇರೆ ಸೀಮೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು.

"ಇವರಿಗೆ ಬಂದೂಕು ಕೊಡಬಾರದೆಂದು ಯಾಕೆ ಹೇಳುತ್ತೀರಿ?"

"ಆಕಿಗೆ ಅದನ್ನ ಹಿಡಿಯಾಕs ಬರೂದಿಲ್ರಿ ಮೇಡಂ," ಎಂದ ಸಾವ್ಕಾರ. "ಕತ್ತರಿ ಹಿಡಿಯೂ ಕೈ."

"ಬರ್ತೈತ್ರಿ," ಎಂದಳು ಪರಸವ್ವ. "ಮಾನವಮಿ ಹಬ್ಬಕ್ಕ ಪ್ರತಿ ವರ್ಷ ಅದನ್ನ ಎಣ್ಣಿ ಹಚ್ಚಿ ಒರಸಾಕಿ ನಾನs. ತೋಟದ ಮನ್ಯಾಗ ಗೂಟಕ್ಕ ತೂಗಹಾಕಿರ್ತಾರ, ಛತ್ರಿ ಮಗ್ಗಲಕ. ಒರಸಿ ಕೊಟ್ಟ ಮ್ಯಾಲ ಅದರ ಮ್ಯಾಲ ನೀರ ಚಿಮುಕಿಸಿ ಮೈಲಿಗಿ ಕಳದು ದೇವರ ಮುಂದ ಇಡ್ತಾರ. ಆಮ್ಯಾಲ ನಾ ಮುಟ್ಟಂಗಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಗೂಟಕ್ಕೆ? ಬೀಗ ಇಲ್ಲವೇ?"

"ಬೀಗ ಯಾಕ್ರಿ ಮೇಡಂ?" ಸಾವ್ಕಾರ ಹೆಮ್ಮೆಯಿಂದ ಹೇಳಿದ. "ನಮ್ಮ ಮಂದಿ ನಮಗ ಅಂಜತಾರ. ಯಾರೂ ಮುಟ್ಟಂಗಿಲ್ಲ. ಈಕಿ ಒರಸ್ತಾಳ, ನಮ್ಮ ಮುತ್ತು ಜೀಪಿನ್ಯಾಗ ಒಯ್ತಾನ, ಅಷ್ಟs."

ಅವನ ವಕೀಲ ಅವನ ಕಾಲು ತುಳಿದ. ಸಾವ್ಕಾರ, "ಕಾಲ ಯಾಕ ತುಳಿತೀರಿ?" ಎಂದು ಜೋರಾಗಿ ಕೇಳಿದ.

ಆಮ್ರಪಾಲಿ ಮೊಬೈಲು ಮುಂದಿಟ್ಟಳು. ಡಿಜೆ ಹಾಡು ಶುರುವಾಯಿತು. ಮೇಡಂ ಕೊನೆಯವರೆಗೆ ನೋಡಿದರು. ಇಡೀ ಜಿಲ್ಲೆ ನಕ್ಕ ರೀಲ್ಸ್ ನೋಡಿ ನಗದೆ ಇದ್ದವರು ಅವರೊಬ್ಬರೇ.

"ಹಂದಿ ಓಡಿಸಲು ಹಾರಿಸಿದೆ ಎಂದು ಹೇಳಿಕೆ ಕೊಟ್ಟಿದ್ದೀರಿ. ಇದರಲ್ಲಿ ಹಂದಿ ಎಲ್ಲಿದೆ ತೋರಿಸಿ," ಎಂದರು.

ಸಾವ್ಕಾರ ಮೊಬೈಲಿನೊಳಗೆ ಬಹಳ ಹೊತ್ತು ಹುಡುಕಿದ. ಅಲ್ಲಿ ಅವನು, ಅವನ ಜೀಪು, ದೂರದಲ್ಲಿ ಕುಣಿಯುವ ಪರಸವ್ವ, ಇಷ್ಟೇ ಇತ್ತು.

ಆದೇಶ ಬಂತು. ಸಾವ್ಕಾರನ ಪರವಾನಗಿ ರದ್ದು. ಬಂದೂಕು ಜಮಾ. ಅಪ್ಪ ಮಗನ ಮೇಲೆ ಕೇಸು ದಾಖಲಿಸಲು ಠಾಣೆಗೆ ಸೂಚನೆ. ಹಣಮಂತನೇ ಹೋಗಿ ಬಂದೂಕು ತಂದ. ಅವತ್ತು ಅಲ್ಲಿ ಅವನಿಗೆ ಚಹಾ ಸಿಗಲಿಲ್ಲ. ಮುತ್ತು ರೀಲ್ಸ್ ಅಳಿಸಿದ. ಜೀಪು ಓಣಿಯ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿತು.

ಅದೇ ದಿನ ಪರಸವ್ವನ ಅರ್ಜಿಗೂ ಉತ್ತರ ಬಂತು. ತಿರಸ್ಕರಿಸಲಾಗಿದೆ.

ಆಮ್ರಪಾಲಿಗೆ ಸಿಟ್ಟು ಬಂತು. ಭಾಗಪ್ಪನಿಗೆ ಹೋದ ಜೀವ ಬಂತು. ಅವನು ಎಲ್ಲರಿಗೂ ತಾನೇ ಚಹಾ ಮಾಡಿ ಕೊಟ್ಟ. ಪರಸವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಗಾಯ ಮಾದಿತ್ತು.

"ಯಾಕ ಕೊಡಂಗಿಲ್ಲಂತ? ಇನ್ನೊಮ್ಮೆ ಓದು."

ಆಮ್ರಪಾಲಿ ಓದಿದಳು. "ತರಬೇತಿ ಇಲ್ಲ. ಎದುರಾಳಿ ಬಂದೂಕ ಜಮಾ ಆಗೈತಿ, ಈಗ ಅಪಾಯ ಇಲ್ಲ. ಮತ್ತ... ಪೊಲೀಸರು ಸ್ಥಳ ಪರಿಶೀಲನಾ ಮಾಡ್ಯಾರ. ಮನೆಯ ಗೋಡೆಗಳು ಶಿಥಿಲವಾಗಿದ್ದು, ಭದ್ರವಾದ ಬಾಗಿಲು ಇರುವುದಿಲ್ಲ. ಆಯುಧವನ್ನು ಸುರಕ್ಷಿತವಾಗಿ ಇಡಲು ಮನೆ ಯೋಗ್ಯವಾಗಿರುವುದಿಲ್ಲ."

"ಆ ಕಡೀದ್ದು ಮತ್ತೊಮ್ಮೆ ಓದು."

ಓದಿದಳು.

"ಸರಕಾರನs ಬರದೈತೇನ ಇದನ್ನ? ಶಿಕ್ಕಾ ಮೊಹರು ಐತೇನ?"

"ಐತಿ."

ಪರಸವ್ವ ಚಹಾ ಮುಗಿಸದೆ ಎದ್ದಳು. ಕಾಗದ ಮಡಚಿ ಕುಪ್ಪಸದಲ್ಲಿಟ್ಟುಕೊಂಡಳು. "ರಾಚವ್ವಾ, ಬಾ ಬೇ," ಎಂದು ಕೂಗಿದಳು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಕೂಲಿ ಇಲ್ಲದ ದಿನ, ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬೆನ್ನು ಹತ್ತಿದರು.

ಪಂಚಾಯತಿ ಆಫೀಸಿನಲ್ಲಿ ಸೆಕ್ರೆಟರಿ ಊಟದ ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದ. ಪರಸವ್ವನನ್ನು ಕಂಡು ಅವನ ಮುಖ ಸಪ್ಪಗಾಯಿತು. ಅವಳು ವರ್ಷವರ್ಷ ಮನೆ ಕೇಳಲು ಬರುವವಳು. ಅವನು ವರ್ಷವರ್ಷ ಇದೇ ಉತ್ತರ ಕೊಡುವವನು.

"ಯವ್ವಾ, ಎಷ್ಟ ಸಲ ಹೇಳಲಿ? ನಮ್ಮ ಕಡತದಾಗ ನಿಮ್ಮ ಮನಿ ಪಕ್ಕಾ ಐತಿ. ಕಲ್ಲಿನ ಗ್ವಾಡಿ, ಸ್ಲ್ಯಾಬು, ಸಾಗವಾನಿ ಬಾಗಲಾ. ಪಕ್ಕಾ ಮನಿ ಇದ್ದವರಿಗೆ ಇನ್ನೊಂದ್ ಮನಿ ಕೊಡಾಕ ಬರಂಗಿಲ್ಲ."

ಪರಸವ್ವ ಕಾಗದ ತೆಗೆದು ಡಬ್ಬಿಯ ಪಕ್ಕಕ್ಕೆ ಬಿಚ್ಚಿಟ್ಟಳು. ಸೆಕ್ರೆಟರಿ ಶಿಕ್ಕಾ ನೋಡಿದ. ಓದಿದ. ಬೆರಳು ನೆಕ್ಕುವುದನ್ನು ನಿಲ್ಲಿಸಿ ಮತ್ತೆ ಓದಿದ.

"ಇದು ಬಂದೂಕಿನ ಕಾಗದ ಅಲ್ಲೇನು?" ಎಂದ.

"ಹೌದ್ರಿ," ಎಂದಳು. "ನನ್ನ ಮನ್ಯಾಗ ಬಂದೂಕ ಇಡಾಕ ಬರಂಗಿಲ್ಲಂತ. ಗ್ವಾಡಿ ಇಲ್ಲ, ಬಾಗಲಾ ಇಲ್ಲ, ಬಂದೂಕಿಗೆ ಅಪಾಯ ಅಂತ. ಪೊಲೀಸರು ನೋಡ್ಯಾರ, ದೊಡ್ಡ ಮೇಡಂ ಬರದಾರ. ಬಂದೂಕ ಇಡಾಕ ಆಗದ ಮನ್ಯಾಗ ಮನಿಷ್ಯಾರು ಹೆಂಗ ಇರೂದು ಅಂತ ಕೇಳಾಕ ಬಂದೇನಿ."

ಸೆಕ್ರೆಟರಿ ತಲೆ ಎತ್ತಿದ. ಬಾಗಿಲ ತುಂಬ ಹೆಣ್ಣುಮಕ್ಕಳು ನಿಂತಿದ್ದರು.

"ನಮ್ಮವೂ ಅಂಥಾವs ಮನಿ ಅದಾವ್ರಿ," ಎಂದಳು ರಾಚವ್ವ ಹಿಂದಿನಿಂದ. "ನಾವೆಲ್ಲಾರೂ ಬಂದೂಕಿಗೆ ಅರ್ಜಿ ಹಾಕಬೇಕೋ, ನೀವs ಬಂದ್ ನೋಡ್ತೀರೋ?"

ಸೆಕ್ರೆಟರಿ ಡಬ್ಬಿ ಮುಚ್ಚಿದ. ಎದ್ದು ಚಪ್ಪಲಿ ಮೆಟ್ಟಿದ.

"ನಡೀರಿ, ನೋಡೂಣು," ಎಂದ.